ನಂಬಿದರೆ ಸಾಕು ಅನ್ನುವುದಾದರೆ, ನುಂಗಿದ ದುಡ್ಡಿನ ಗತಿ?

‘ಯೇಸುವನ್ನು ನಂಬಿದರೆ ದೇವರ ಜೊತೆ ರಾಜಿಯಾಗುತ್ತೆ ಅಂತೀರಿ. ಊರವರ ದುಡ್ಡು ನುಂಗಿದವನು ಒಂದು ಭಾನುವಾರ ಬಂದು ನಂಬಿದೆ ಅಂದುಬಿಟ್ಟರೆ ಲೆಕ್ಕ ಚುಕ್ತಾನಾ?’ ಧಾಟಿ ಬೇರೆ ಬೇರೆಯಾದರೂ ಎಲ್ಲರೂ ಕೇಳುವುದು ಇದನ್ನೇ. ಕೆಲವರು ಕುಹಕಕ್ಕೆ ಕೇಳುತ್ತಾರೆ, ಕೆಲವರು ದುಡ್ಡು ಕಳೆದುಕೊಂಡ ನೋವಿಗೆ ಕೇಳುತ್ತಾರೆ. ಎರಡನೆಯವರಿಗೆ ಒಂದು ವಾಕ್ಯದ ಉತ್ತರ ಸಾಲದು.

ಇಲ್ಲಿರುವುದು ಎರಡು ಲೆಕ್ಕ. ಒಂದು ಚುಕ್ತಾ ಆಗುತ್ತದೆ. ಇನ್ನೊಂದು ಬಾಕಿ ಇರುತ್ತದೆ.

ಮೊದಲನೆಯದು ದೇವರ ಜೊತೆಗಿನದು. ಬೈಬಲಿನಲ್ಲಿ, ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 5ನೇ ಅಧ್ಯಾಯದಲ್ಲಿ, ಯೇಸುವಿನ ಸುದ್ದಿಯನ್ನು ಊರೂರಿಗೆ ಸಾರಿದ ಪೌಲ ಬಳಸುವ ಗ್ರೀಕ್ ಪದ ‘ಕತಲ್ಲಾಸ್ಸೋ’. ನಾಣ್ಯ ಬದಲಾಯಿಸುವುದಕ್ಕೂ, ಹಗೆ ಬಿಟ್ಟು ಸ್ನೇಹಕ್ಕೆ ಬರುವುದಕ್ಕೂ ಗ್ರೀಕರು ಅದನ್ನೇ ಹೇಳುತ್ತಿದ್ದರು. ಪೌಲನಿಗಿಂತ ಹಿಂದಿನ ಯೆಹೂದ್ಯರ ಗ್ರಂಥವಾದ ಮಕ್ಕಬಿಯರ ಎರಡನೆಯ ಪುಸ್ತಕದಲ್ಲೂ ಈ ಪದ ಇದೆ. ಅಲ್ಲಿ ಜನ ಮೊರೆಯಿಡುತ್ತಾರೆ, ದೇವರ ಕೋಪ ಇಳಿಯುತ್ತದೆ. ಪೌಲ ಅದನ್ನು ತಿರುವಿಹಾಕಿದ. ಅವನ ಪ್ರಕಾರ ನೊಂದ ದೇವರೇ ಮೊದಲು ಬಂದು, ಕ್ರಿಸ್ತನ ಮೂಲಕ ಲೋಕವನ್ನು ತನ್ನ ಜೊತೆ ಸಮಾಧಾನಪಡಿಸಿಕೊಳ್ಳುತ್ತಾನೆ. ತಪ್ಪು ಮಾಡಿದವನ ಪಾಲಿಗೆ ಉಳಿಯುವುದು ಕೈಚಾಚಿ ತೆಗೆದುಕೊಳ್ಳುವುದು. ಹಾಗೆ ಚಾಚಿದ ಬರಿಗೈಗೇ ನಂಬಿಕೆ ಎಂದು ಹೆಸರು.

ಕನ್ನಡ ಬೈಬಲಿನ ‘ಸಮಾಧಾನ’ ಒಳ್ಳೆಯ ಪದವೇ, ಆದರೆ ಒಂದು ತೊಡಕಿದೆ. ಅಳುವ ಮಗುವನ್ನು ಸಮಾಧಾನ ಮಾಡುತ್ತೇವಲ್ಲ, ಆ ಅರ್ಥವೇ ಮೊದಲು ಹೊಳೆಯುತ್ತದೆ. ಹಾಗಾಗಿ ‘ಪ್ರಾರ್ಥನೆ ಮಾಡಿದೆ, ಮನಸ್ಸಿಗೆ ಸಮಾಧಾನ ಆಗಲಿಲ್ಲ, ಅಂದಮೇಲೆ ದೇವರು ಒಪ್ಪಿಲ್ಲ’ ಎಂದು ಕೊರಗುವವರಿದ್ದಾರೆ. ಪೌಲ ಹೇಳುತ್ತಿರುವುದು ಸಂಬಂಧದ ಮಾತು. ಮನಸ್ಸು ತಿಳಿಯಾಗುವುದಕ್ಕೆ ತಿಂಗಳುಗಳೇ ಬೇಕಾಗಬಹುದು.

ನಂಬಿಕೆಯಲ್ಲಿ ಮೂರು ಪದರ ಇದೆ ಎಂದು ಹಳೆಯ ದೇವಶಾಸ್ತ್ರಜ್ಞರು ಬಿಡಿಸಿ ಹೇಳುತ್ತಿದ್ದರು: ಸಂಗತಿ ತಿಳಿಯುವುದು, ಅದು ನಿಜವೆಂದು ಒಪ್ಪುವುದು, ಅದರ ಮೇಲೆ ಭಾರ ಹಾಕುವುದು. ಬಹಳ ಜನ ಎರಡನೆಯದರಲ್ಲೇ ನಿಂತುಬಿಡುತ್ತಾರೆ. ಅಷ್ಟನ್ನು ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ ಎಂದು ಯಾಕೋಬ ತನ್ನ ಪತ್ರದಲ್ಲಿ ಚುಚ್ಚುತ್ತಾನೆ. ಇನ್ನು ಕೆಲವರು ನನ್ನ ನಂಬಿಕೆ ಎಷ್ಟು ಗಟ್ಟಿ ಎಂದು ದಿನಾ ಅಳೆಯುತ್ತ ಕೂರುತ್ತಾರೆ. ಅಳೆಯಲು ಹೊರಟರೆ ನಂಬಿಕೆಯೇ ಇನ್ನೊಂದು ಸಂಪಾದನೆಯಾಗುತ್ತದೆ. ಮಾರ್ಕನ 9ನೇ ಅಧ್ಯಾಯದಲ್ಲಿ ಕಾಯಿಲೆಯ ಮಗನನ್ನು ಕರೆತಂದ ತಂದೆ, ನಂಬುತ್ತೇನೆ, ನನ್ನ ಅಪನಂಬಿಕೆಗೂ ನೀನೇ ಸಹಾಯ ಮಾಡು ಎಂದು ಅರ್ಧಂಬರ್ಧ ನಂಬಿಕೆಯಲ್ಲೇ ಕೂಗಿಕೊಂಡ. ಮಗ ಗುಣವಾದ.

‘ಬರೀ’ ನಂಬಿಕೆಯಿಂದಲೇ ಎಂಬ ಜಗಳ ಹಳೆಯದು. 1522ರ ತನ್ನ ಜರ್ಮನ್ ಹೊಸ ಒಡಂಬಡಿಕೆಯಲ್ಲಿ ಪ್ರೊಟೆಸ್ಟಂಟ್ ಸುಧಾರಣೆಯ ನಾಯಕ ಲೂಥರ್, ಮನುಷ್ಯ ನೀತಿವಂತನಾಗುವುದು ನಂಬಿಕೆಯಿಂದ ಎನ್ನುವ ಪೌಲನ ಮಾತಿಗೆ (ರೋಮಾಪುರದವರಿಗೆ ಬರೆದ ಪತ್ರ 3:28) ಗ್ರೀಕ್ ಮೂಲದಲ್ಲಿಲ್ಲದ ‘ಮಾತ್ರ’ ಸೇರಿಸಿದ. ಯಾಕೋಬನ ಪತ್ರವೋ ‘ನಂಬಿಕೆಯಿಂದ ಮಾತ್ರ ಅಲ್ಲ’ ಎಂದೇ ಹೇಳುತ್ತದೆ. 1547ರಲ್ಲಿ ಕಥೋಲಿಕರ ಟ್ರೆಂಟ್ ಸಭೆ ಲೂಥರನ ಬೋಧನೆಯನ್ನು ತಳ್ಳಿಹಾಕಿತು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಲೂಥರನ್ ಒಕ್ಕೂಟ ಮತ್ತು ವ್ಯಾಟಿಕನ್ ಜಂಟಿ ಘೋಷಣೆಗೆ ಸಹಿ ಹಾಕಿ, ಮೂಲ ಮಾತಿನಲ್ಲಿ ತಮ್ಮಲ್ಲಿ ಭೇದವಿಲ್ಲ ಎಂದವು: ದೇವರು ನಮ್ಮನ್ನು ಸ್ವೀಕರಿಸುವುದು ಕೃಪೆಯಿಂದ, ನಮ್ಮ ಅರ್ಹತೆಯಿಂದಲ್ಲ.

ಇನ್ನು ಎರಡನೆಯ ಲೆಕ್ಕ, ನುಂಗಿದ ದುಡ್ಡಿನದು. ಇದಕ್ಕೆ ಲೂಕನ 19ನೇ ಅಧ್ಯಾಯ ನೋಡಬೇಕು. ಜಕ್ಕಾಯ ಯೆರಿಕೋ ಊರಿನ ಸುಂಕದವರ, ಅಂದರೆ ತೆರಿಗೆ ವಸೂಲಿ ಮಾಡುವವರ, ಮುಖ್ಯಸ್ಥ, ಐಶ್ವರ್ಯವಂತ. ಕುಳ್ಳನಾದ್ದರಿಂದ ಮರ ಹತ್ತಿ ಯೇಸುವನ್ನು ನೋಡುತ್ತಿದ್ದಾನೆ. ಇವತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಎಂದು ಯೇಸು ಹೇಳುವಾಗ ಅವನಿನ್ನೂ ಒಂದು ಕಾಸೂ ವಾಪಸ್ ಕೊಟ್ಟಿಲ್ಲ. ಮೊದಲು ಸ್ವೀಕಾರ, ದುಡ್ಡಿನ ಮಾತು ಆಮೇಲೆ. ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಿದ್ದರೆ ನಾಲ್ಕರಷ್ಟು ವಾಪಸ್ ಎನ್ನುತ್ತಾನೆ.

ಈ ನಾಲ್ಕು ಎಲ್ಲಿಂದ ಬಂತು? ಯಾಜಕಕಾಂಡದ 6ನೇ ಅಧ್ಯಾಯದ ಪ್ರಕಾರ, ಮೋಸ ಮಾಡಿದವನು ಅಸಲಿಗೆ ಐದನೆಯ ಒಂದು ಪಾಲು ಸೇರಿಸಿ ಕೊಡಬೇಕು, ಒಂದು ಟಗರನ್ನು ಪ್ರಾಯಶ್ಚಿತ್ತ ಯಜ್ಞಕ್ಕೆ ಒಪ್ಪಿಸಬೇಕು. ಕುರಿ ಕದ್ದು ಕೊಯ್ದವನಿಗೆ, ಇಲ್ಲವೇ ಮಾರಿದವನಿಗೆ, ವಿಮೋಚನಕಾಂಡದ 22ನೇ ಅಧ್ಯಾಯ ಒಂದಕ್ಕೆ ನಾಲ್ಕು ದಂಡ ಹಾಕುತ್ತದೆ. 100 ರೂಪಾಯಿ ಮೋಸಕ್ಕೆ 120 ಕೊಟ್ಟಿದ್ದರೆ ನಡೆಯುತ್ತಿತ್ತು. ಜಕ್ಕಾಯ 400 ಎಂದ. ಅಂದರೆ ತನ್ನ ಕೆಲಸಕ್ಕೆ ತಾನೇ ಕಳ್ಳತನದ ದರ ಕಟ್ಟಿದ.

ಹಾಗೆಂದು ಕೊಟ್ಟು ಮುಗಿಸುವವರೆಗೆ ದೇವರು ಕಾಯುತ್ತಾನೆ ಎಂದಲ್ಲ. ಯೇಸುವಿನ ಪಕ್ಕದ ಶಿಲುಬೆಯ ಮೇಲೆ ಸಾಯುತ್ತಲೇ ನಂಬಿ ಸ್ವೀಕಾರ ಪಡೆದ ಕಳ್ಳನಿಗೆ ಒಂದು ಪೈಸೆ ತೀರಿಸುವಷ್ಟೂ ಪುರುಸೊತ್ತಿರಲಿಲ್ಲ. ಪುರುಸೊತ್ತು ಇರುವವನು ಅವನ ಹೆಸರು ಹೇಳಿ ಜಾರಿಕೊಳ್ಳುವಂತಿಲ್ಲ, ಅಷ್ಟೆ.

ಬಹಳ ಸಲ ಕೆಡುವುದು ಅರಿಕೆಯಲ್ಲೇ. ‘ಏನಾದರೂ ತಪ್ಪಾಗಿದ್ದರೆ ಕ್ಷಮಿಸಿ’ ಎನ್ನುತ್ತೇವೆ. ಆ ‘ದ್ದರೆ’ಯೊಳಗೆ ಇಡೀ ತಪ್ಪು ಅಡಗಿ ಕೂರುತ್ತದೆ. ಜಕ್ಕಾಯನೂ ‘ಇದ್ದರೆ’ ಅಂದನಲ್ಲ ಎಂದು ಯಾರಾದರೂ ಹಿಡಿಯಬಹುದು. ಅವನ ‘ರೆ’ಯ ಬೆನ್ನಿಗೇ ನಾಲ್ಕರಷ್ಟು ಎಂಬ ಅಂಕಿ ಇತ್ತು. ಮಾಡಿದ ಕೆಲಸ, ಮೊತ್ತ, ಯಾರಿಗೆ ಎಂಬುದು, ಈ ಮೂರೂ ಬಾಯಿಂದ ಹೊರಬರಬೇಕು. ಕಥೋಲಿಕರ ಪಾಪನಿವೇದನೆಯಲ್ಲಿ ಆತ್ಮಶೋಧನೆ, ಪಶ್ಚಾತ್ತಾಪ, ನಿವೇದನೆ, ಗುರುಗಳ ಪಾಪವಿಮೋಚನೆ, ಪ್ರಾಯಶ್ಚಿತ್ತ ಎಂಬ ಕ್ರಮ ಇದೆ. ಗುರುಗಳು ಕ್ಷಮೆ ಸಾರಿದ ಮೇಲೂ ಕದ್ದದ್ದನ್ನು ಮರಳಿಸುವ ಹೊಣೆ ಹೋಗುವುದಿಲ್ಲ ಎಂದು ಅವರ ಧರ್ಮೋಪದೇಶವೇ ಸ್ಪಷ್ಟವಾಗಿ ಹೇಳುತ್ತದೆ.

ಧಾರವಾಡ, ಬೆಂಗಳೂರು, ಮಂಗಳೂರು ಕಡೆಯ ದಕ್ಷಿಣ ಭಾರತ ಸಭೆಯವರ (ಸಿ.ಎಸ್.ಐ. ಚರ್ಚಿನವರ) ಆರಾಧನಾ ಕ್ರಮದಲ್ಲಿ ಕಾಣಿಕೆಗೆ ಮೊದಲು ‘ಸಮಾಧಾನ’ ಹಂಚುವ ಪದ್ಧತಿ ಇದೆ. ಕೊಡುವವರ ಬಲ ಅಂಗೈ ಪಡೆಯುವವರ ಬಲ ಅಂಗೈಗೆ ತಾಗುತ್ತದೆ, ಇಬ್ಬರ ಎಡಗೈಯೂ ಮೇಲಿನಿಂದ ಮುಚ್ಚಿಕೊಳ್ಳುತ್ತದೆ, ಹಾಗೆಯೇ ಸಾಲಿನಿಂದ ಸಾಲಿಗೆ ಹೋಗುತ್ತದೆ. ಇದರ ಹಿಂದಿರುವುದು ಮತ್ತಾಯ 5ರಲ್ಲಿನ ಯೇಸುವಿನ ಮಾತು: ಕಾಣಿಕೆಯನ್ನು ಅಲ್ಲೇ ಬಿಟ್ಟು, ಮೊದಲು ಸಹೋದರನ ಜೊತೆ ರಾಜಿಯಾಗಿ ಬಾ. ಜಗಳ ಇರುವವರು ಬೇರೆ ಬೇರೆ ಬೆಂಚಿನಲ್ಲಿ ಕೂತು ಪಕ್ಕದವರ ಕೈ ಮಾತ್ರ ಹಿಡಿದು ಹೊರಡುವುದೂ ಸುಲಭವೇ.

ಕೊನೆಗೊಂದು ಪ್ರಶ್ನೆ ಬಂದೇ ಬರುತ್ತದೆ: ದುಡ್ಡು ವಾಪಸ್ ಪಡೆಯಬೇಕಾದವನು ಸತ್ತೇಹೋಗಿದ್ದರೆ? ಅರಣ್ಯಕಾಂಡದ 5ನೇ ಅಧ್ಯಾಯ ಅದಕ್ಕೂ ದಾರಿ ತೋರಿಸಿದೆ. ಹತ್ತಿರದ ಸಂಬಂಧಿಗೆ ಕೊಡಬೇಕು, ಅವನೂ ಇಲ್ಲದಿದ್ದರೆ ಅದು ದೇವರದಾಗಿ ಯಾಜಕನಿಗೆ ಸೇರಬೇಕು. ಯಾವ ಸಂದರ್ಭದಲ್ಲೂ ಅದು ನುಂಗಿದವನ ಜೇಬಿನಲ್ಲಿ ಉಳಿಯುವುದಿಲ್ಲ.