ಆ ದಿನ ನಾನು ಹಾಕಿದ 8.3

ಹದಿನಾಲ್ಕು ವರ್ಷ ಫುಟ್‌ಬಾಲ್ ರೆಫರಿಯಾಗಿದ್ದೆ. ಮಂಡಿ ನೋವು ಜಾಸ್ತಿಯಾದ ಮೇಲೆ ಮೈದಾನ ಬಿಟ್ಟು ಗ್ಯಾಲರಿ ಹತ್ತಿದೆ, ಅಂದರೆ ಅಸೆಸರ್ ಆದೆ. ರೆಫರಿ ಪಂದ್ಯ ನೋಡಿಕೊಳ್ಳುತ್ತಾನೆ, ಅಸೆಸರ್ ರೆಫರಿಯನ್ನು ನೋಡುತ್ತಾನೆ. ಎಲ್ಲಿ ನಿಂತಿದ್ದ, ಯಾವ ಫೌಲ್ ಬಿಟ್ಟ, ತೆಗೆದ ಕಾರ್ಡ್ ಸರಿಯಾ, ಎಲ್ಲವನ್ನೂ ನಿಮಿಷದ ಸಮೇತ ಬರೆದುಕೊಳ್ಳಬೇಕು. ಪಂದ್ಯ ಮುಗಿದ ಮೇಲೆ ಅವರ ಕೋಣೆಗೆ ಹೋಗಿ ಮಾತಾಡಬೇಕು, ಆಮೇಲೆ ಮಾರ್ಕ್ಸ್ ಹಾಕಿ ರಿಪೋರ್ಟ್ ಕಳಿಸಬೇಕು.

ಈ ಮಾರ್ಕ್ಸ್ ಲೆಕ್ಕ ಹೊರಗಿನವರಿಗೆ ವಿಚಿತ್ರ ಅನ್ನಿಸಬಹುದು. ಹತ್ತಕ್ಕೆ ಹಾಕುವುದು, ಆದರೆ ಎಲ್ಲ ಇರುವುದು ದಶಮಾಂಶದಲ್ಲಿ. ಪಂದ್ಯ ಚೆನ್ನಾಗಿ ನಡೆಸಿದರೆ 8.3 ಅಥವಾ 8.4. ಉಳಿದದ್ದೆಲ್ಲ ಚೆನ್ನಾಗಿದ್ದು, ದೊಡ್ಡದೊಂದು ತಪ್ಪು ಎದ್ದು ಕಾಣುವಂತೆ ಆಗಿದ್ದರೆ 7.9. ನಡುವೆ ಇರುವುದು 0.4. ಅಷ್ಟಕ್ಕೇ ಒಬ್ಬ ಹುಡುಗನ ಪ್ರಮೋಷನ್ ನಿಂತುಹೋಗುತ್ತದೆ.

ಅಸೆಸರ್ ಆದ ಮೊದಲ ವರ್ಷದ ಮಾತು. ಕೆಳಗಿನ ಡಿವಿಜನ್ ಪಂದ್ಯ, ಮಧ್ಯಾಹ್ನದ ಬಿಸಿಲು. ರೆಫರಿಗೆ ಇಪ್ಪತ್ತಮೂರು ವರ್ಷ ಇರಬಹುದು. ರಾತ್ರಿ ಬಸ್ಸಿನಲ್ಲಿ ಬಂದು, ಬಸ್ ಸ್ಟ್ಯಾಂಡಿನಲ್ಲೇ ಮುಖ ತೊಳೆದು ಸೀದಾ ಮೈದಾನಕ್ಕೆ ಬಂದಿದ್ದ. ಒಳ್ಳೇ ಹುಡುಗ. ಓಟ ಚೆನ್ನಾಗಿತ್ತು, ಸೀಟಿ ಊದುವಾಗ ಅಳುಕು ಇರಲಿಲ್ಲ. 71ನೇ ನಿಮಿಷದಲ್ಲಿ ಫಾರ್ವರ್ಡ್ ಒಬ್ಬ ಚೆಂಡು ತಗೊಂಡು ಬಾಕ್ಸ್ ಒಳಗೆ, ಅಂದರೆ ಗೋಲಿನ ಮುಂದೆ ಗೆರೆ ಎಳೆದ ಪೆನಾಲ್ಟಿ ಜಾಗದೊಳಗೆ ನುಗ್ಗಿದ. ಎದುರಿಗೆ ಗೋಲ್‌ಕೀಪರ್ ಬಿಟ್ಟರೆ ಯಾರೂ ಇಲ್ಲ. ಹಿಂದಿನಿಂದ ಬಂದ ಡಿಫೆಂಡರ್ ಅವನ ಜರ್ಸಿ ಹಿಡಿದು ಜಗ್ಗಿದ. ನಾನು ಕೂತ ಜಾಗದಿಂದಲೇ ಬಟ್ಟೆ ಹಿಗ್ಗಿದ್ದು ಕಾಣುತ್ತಿತ್ತು. ಹುಡುಗ ಕೂಡಲೇ ಸೀಟಿ ಊದಿ ಪೆನಾಲ್ಟಿ ಕೊಟ್ಟ. ಆಮೇಲೆ ಜೇಬಿನಿಂದ ಹಳದಿ ಕಾರ್ಡ್ ತೆಗೆದ, ಅಂದರೆ ಬರೀ ಎಚ್ಚರಿಕೆ.

ಅದು ಕೆಂಪು ಆಗಬೇಕಿತ್ತು.

ನಿಯಮ ಸ್ವಲ್ಪ ಹೇಳಲೇಬೇಕು, ಹುಡುಗ ಎಡವಿದ್ದು ಇಲ್ಲೇ. ಖಂಡಿತ ಗೋಲ್ ಆಗಬಹುದಾದ ಅವಕಾಶವನ್ನು ಫೌಲ್ ಮಾಡಿ ತಪ್ಪಿಸಿದರೆ ಕೆಂಪು ಕಾರ್ಡ್, ಆಟಗಾರ ಹೊರಗೆ, ತಂಡಕ್ಕೆ ಒಬ್ಬ ಕಡಿಮೆ. ಅದಕ್ಕೆ ನಾಲ್ಕು ವಿಷಯ ನೋಡಬೇಕು. ಗೋಲಿಗೆ ಎಷ್ಟು ದೂರ, ಆಟ ಯಾವ ದಿಕ್ಕಿಗೆ ಹೋಗುತ್ತಿತ್ತು, ಚೆಂಡು ಅವನ ಹತ್ತಿರವೇ ಉಳಿಯುತ್ತಿತ್ತಾ, ಡಿಫೆಂಡರ್‌ಗಳು ಎಷ್ಟು ಜನ ಎಲ್ಲೆಲ್ಲಿದ್ದರು. 2016ರಲ್ಲಿ ಒಂದು ಬದಲಾವಣೆ ಬಂತು. ಪೆನಾಲ್ಟಿಯನ್ನೂ ಕೊಟ್ಟು, ಆಟಗಾರನನ್ನು ಹೊರಗೂ ಹಾಕಿ, ಮುಂದಿನ ಪಂದ್ಯಕ್ಕೂ ಅವನಿಲ್ಲದಂತೆ ಮಾಡುವುದು ಅತಿಯಾಯಿತು ಅಂತ, ಬಾಕ್ಸ್ ಒಳಗೆ ಚೆಂಡಿಗಾಗಿಯೇ ಹೋಗಿ ಫೌಲ್ ಆದರೆ ಹಳದಿ ಸಾಕು ಎಂದರು. ಆದರೆ ಹಿಡಿಯುವುದು, ಜಗ್ಗುವುದು, ತಳ್ಳುವುದು ಈ ಲೆಕ್ಕಕ್ಕೆ ಬರುವುದಿಲ್ಲ. ಅಂಗಿ ಜಗ್ಗಿದವನು ಚೆಂಡಿಗಾಗಿ ಹೋದವನಲ್ಲ. ಅವನಿಗೆ ಈಗಲೂ ಕೆಂಪೇ. ಬದಲಾವಣೆಯ ಅರ್ಧ ಭಾಗ ಮಾತ್ರ ತಲೆಯಲ್ಲಿ ಉಳಿದವರನ್ನು ನಾನು ಎಷ್ಟೋ ಜನರನ್ನು ನೋಡಿದ್ದೇನೆ.

ಪೆನಾಲ್ಟಿ ಗೋಲ್ ಆಯ್ತು, ಆ ತಂಡ ಮೊದಲೇ ಎರಡು ಗೋಲ್ ಮುಂದಿತ್ತು, ಹಾಗಾಗಿ ಯಾರೂ ಗಲಾಟೆ ಮಾಡಲಿಲ್ಲ. ಕೋಣೆಗೆ ಹೋದಾಗ ಹುಡುಗ ಶೂ ಬಿಚ್ಚುತ್ತಿದ್ದ, ಸಾಕ್ಸ್ ತುಂಬಾ ಕೆಂಪು ಮಣ್ಣು. ನನ್ನನ್ನು ನೋಡಿ ಒಂದೇ ಶೂನಲ್ಲಿ ಎದ್ದು ನಿಂತ.

"ಸರ್, ಪೆನಾಲ್ಟಿ ಕೊಟ್ಟೆನಲ್ಲ, ಅದಕ್ಕೆ ಹಳದಿ ಸಾಕು ಅಲ್ವಾ ಸರ್?"

"ಹೂಂ" ಅಂದೆ.

ಯಾಕೆ ಹಾಗಂದೆ ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ಮುಂದಿನ ತಿಂಗಳು ಅವನಿಗೆ ಪ್ರಮೋಷನ್ ಪರೀಕ್ಷೆ ಇತ್ತು. ಅವತ್ತೇ ರಾತ್ರಿ ಬಸ್ಸಿಗೆ ವಾಪಸ್ ಹೋಗಬೇಕಿತ್ತು. ನಾನು ಹೊಸಬನಾಗಿದ್ದಾಗ ಒಬ್ಬ ಅಸೆಸರ್ ಎಲ್ಲರೆದುರು ಕೂಗಾಡಿದ್ದು ಮನಸ್ಸಿನಲ್ಲಿತ್ತು, ಹಾಗೆ ಆಗಬಾರದು ಅಂತ ನಿರ್ಧರಿಸಿದ್ದೆ. ಆಮೇಲೆ ನಿಧಾನವಾಗಿ ಹೇಳಿದರಾಯ್ತು ಅಂದುಕೊಂಡೆ, ಹೇಳಲಿಲ್ಲ. ಹಾಳೆಯಲ್ಲಿ 8.3 ಹಾಕಿ, "ನಿಲ್ಲುವ ಜಾಗ ಇನ್ನೂ ಸ್ವಲ್ಪ ಸುಧಾರಿಸಬೇಕು" ಅಂತ ಬರೆದೆ. ಯಾವ ರೆಫರಿ ಬಗ್ಗೆ ಬೇಕಾದರೂ ಬರೆಯಬಹುದಾದ ಮಾತು ಅದು. 71ನೇ ನಿಮಿಷದ ಸುದ್ದಿಯೇ ಇಲ್ಲ.

ಮೂರು ತಿಂಗಳಾದ ಮೇಲೆ ಒಂದು ಸೆಮಿಫೈನಲ್. ನಾನು ಸುಮ್ನೆ ನೋಡಲು ಹೋಗಿದ್ದೆ. ಅದೇ ಹುಡುಗ ರೆಫರಿ. 1-1 ಇದ್ದಾಗ, ಕೊನೆಯ ಹತ್ತು ನಿಮಿಷದೊಳಗೆ, ಬಾಕ್ಸ್ ಒಳಗೆ ಫಾರ್ವರ್ಡ್‌ನ ಭುಜ ಹಿಡಿದು ಎಳೆದರು. ಪೆನಾಲ್ಟಿ, ಹಳದಿ. ನನ್ನ ಹೊಟ್ಟೆಯೊಳಗೆ ಏನೋ ಹಿಂಡಿದಂತಾಯ್ತು. ಪೆನಾಲ್ಟಿಯನ್ನು ಕೀಪರ್ ತಡೆದ. ಹತ್ತೇ ಜನ ಆಡಬೇಕಿದ್ದ ತಂಡ ಹನ್ನೊಂದು ಜನರೊಂದಿಗೆ ಆಡಿ ಟೈಬ್ರೇಕರ್‌ನಲ್ಲಿ ಗೆದ್ದಿತು. ಸೋತವರು ಮೈದಾನಕ್ಕೆ ನುಗ್ಗಿದರು, ನೀರಿನ ಬಾಟಲಿಗಳು ಹಾರಿದವು, ಹುಡುಗ ಒಂದು ಗಂಟೆ ಕೋಣೆಯಿಂದ ಹೊರಗೆ ಬರಲಾಗಲಿಲ್ಲ. ಅವತ್ತಿನ ಅಸೆಸರ್ 7.9 ಹಾಕಿದರು. ಸರಿಯಾಗಿಯೇ ಹಾಕಿದರು.

ರಾತ್ರಿ ಫೋನ್ ಬಂತು. "ಸರ್, ಅವತ್ತು ನೀವು ಸರಿ ಅಂದಿದ್ರಲ್ಲ?" ದನಿಯಲ್ಲಿ ಸಿಟ್ಟು ಇರಲಿಲ್ಲ. ನಿಜವಾಗಿಯೂ ಗೊತ್ತಾಗದೇ ಕೇಳುತ್ತಿದ್ದ.

ನಮ್ಮ ಕೆಲಸದಲ್ಲಿ ಪ್ರಾಮಾಣಿಕತೆ ಅಂದ ಕೂಡಲೇ ಎಲ್ಲರಿಗೂ ದುಡ್ಡು ನೆನಪಾಗುತ್ತದೆ. ಹೊಸ ರೆಫರಿಗಳ ತರಗತಿಯಲ್ಲಿ ನಾನೂ ಜರ್ಮನಿಯ ರೆಫರಿ ರಾಬರ್ಟ್ ಹೊಯ್ಜರ್ ಕಥೆ ಹೇಳುತ್ತಿದ್ದೆ. 2004ರ ಆಗಸ್ಟ್‌ನಲ್ಲಿ ಜರ್ಮನ್ ಕಪ್ ಪಂದ್ಯದಲ್ಲಿ ಹ್ಯಾಂಬರ್ಗ್ 2-0 ಮುಂದಿತ್ತು. ಈತ ದುಡ್ಡು ತಿಂದು ಎರಡು ಪೆನಾಲ್ಟಿ ಕೊಟ್ಟ, ಚಿಕ್ಕ ತಂಡ ಪಾಡರ್‌ಬಾರ್ನ್ 4-2ರಲ್ಲಿ ಗೆದ್ದಿತು. ಕೊನೆಗೆ ಎರಡು ವರ್ಷ ಐದು ತಿಂಗಳ ಶಿಕ್ಷೆಯಾಯ್ತು. ಆದರೆ ಇದು ಹೊರಬಂದದ್ದು ಅವನ ಜೊತೆಗಿನ ರೆಫರಿಗಳೇ ಹೋಗಿ ಹೇಳಿದ್ದರಿಂದ. ಆ ಭಾಗವನ್ನು ನಾನು ತುಂಬಾ ಹೆಮ್ಮೆಯಿಂದ ಹೇಳುತ್ತಿದ್ದೆ. ಅವರು ಜೊತೆಗಾರನ ವಿರುದ್ಧವೇ ಬಾಯಿ ಬಿಟ್ಟರು. ನನಗೆ ಒಬ್ಬ ಹುಡುಗನಿಗೆ, ಅವನ ಒಳ್ಳೆಯದಕ್ಕೇ, ಎರಡು ಮಾತು ಹೇಳಲು ಆಗಲಿಲ್ಲ. ನಾನು ಒಂದು ಪೈಸೆ ಮುಟ್ಟಿರಲಿಲ್ಲ, ಆದರೂ ನನ್ನ ಹಾಳೆ ಸುಳ್ಳಾಗಿತ್ತು.

ಎರಡು ದಿನ ಬಿಟ್ಟು ನಾನೇ ಕಾಗದ ಬರೆದು ಸಮಿತಿಗೆ ಕೊಟ್ಟೆ. ಹಳೇ ಪಂದ್ಯ, 71ನೇ ನಿಮಿಷ, ನಾನು ಕಂಡದ್ದು, ಕೋಣೆಯಲ್ಲಿ ಹೇಳಿದ್ದು, ಹಾಕಿದ ಮಾರ್ಕ್ಸ್ ತಪ್ಪು ಅಂತ. "ಯಾರೂ ಕೇಳಿಲ್ಲ, ಮುಗಿದ ಕಥೆ ಯಾಕೆ ಕೆದಕ್ತೀರಿ" ಅಂದರು ಒಬ್ಬ ಹಿರಿಯರು. ನಾನು ಕಾಗದ ವಾಪಸ್ ತಗೊಳ್ಳಲಿಲ್ಲ. 8.3 ಹೋಗಿ 7.9 ಆಯ್ತು. ಒಂದು ಸೀಸನ್ ನನಗೆ ಪಂದ್ಯ ಕೊಡಲಿಲ್ಲ. ಅದು ನ್ಯಾಯ. ಆದರೆ ಹುಡುಗನ ಪ್ರಮೋಷನ್ ಆ ವರ್ಷ ನಿಂತಿತು, ಅದರಲ್ಲಿ ನನ್ನ ಪಾಲೂ ಇತ್ತು, ಅದು ಇವತ್ತಿಗೂ ಚುಚ್ಚುತ್ತದೆ. ಕೆಲವು ತಿಂಗಳು ಅವನು ನನ್ನ ಜೊತೆ ಮಾತಾಡಲಿಲ್ಲ. ಮರುವರ್ಷ ಪಾಸಾದ.

ಈಗ ನಾನು ಮಾರ್ಕ್ಸ್ ಹಾಕಿ, ಹಾಳೆ ಮಡಚಿ ಜೇಬಿಗಿಟ್ಟ ಮೇಲೇ ಕೆಳಗೆ ಇಳಿಯುವುದು. ಮುಖ ನೋಡಿದ ಮೇಲೆ ಹಾಕಿದ ಮಾರ್ಕ್ಸ್ ಮೇಲೆ ನನಗೇ ನಂಬಿಕೆ ಇಲ್ಲ. ಕೋಣೆಯಲ್ಲಿ ಮೊದಲು "ಆ ನಿಮಿಷದಲ್ಲಿ ನಿನಗೇನು ಕಾಣಿಸ್ತು, ಎಲ್ಲಿ ನಿಂತಿದ್ದೆ?" ಅಂತ ಕೇಳುತ್ತೇನೆ, ಯಾಕಂದ್ರೆ ಎಷ್ಟೋ ಸಲ ತಪ್ಪು ನಿಯಮದ್ದಲ್ಲ, ಅಡ್ಡ ಬಂದ ಇನ್ನೊಬ್ಬ ಆಟಗಾರನದ್ದು. ಆಮೇಲೆ ಹಾಳೆಯಲ್ಲಿ ಏನು ಬರೆದಿದ್ದೇನೋ ಅದನ್ನೇ ಹೇಳುತ್ತೇನೆ. ಕೂಗುವುದಿಲ್ಲ. ಲೈನ್ಸ್‌ಮನ್‌ಗಳೂ ಅಲ್ಲೇ ಕೂತು ಕೇಳಬೇಕು, ಜಗ್ಗಿದ್ದು ಅವರಿಗೂ ಕಂಡಿರುತ್ತದಲ್ಲ.

ರೆಫರಿಯನ್ನು ಅಸೆಸರ್ ನೋಡುತ್ತಾನೆ ಸರಿ, ಅಸೆಸರ್‌ನನ್ನು ನೋಡುವವರು ಯಾರು? ನಾನು ಆ ಕಾಗದ ಕೊಡದಿದ್ದರೆ 8.3 ಹಾಗೇ ಇರುತ್ತಿತ್ತು. ಅದಕ್ಕೇ ಹಟ ಹಿಡಿದು ಕೇಳಿದೆ, ಕೆಲವು ಪಂದ್ಯಗಳಿಗಾದರೂ ಇಬ್ಬರು ಅಸೆಸರ್ ಬೇರೆ ಬೇರೆ ಕೂತು ಮಾರ್ಕ್ಸ್ ಹಾಕಲಿ, ಆಮೇಲೆ ವಿಡಿಯೋ ಇಟ್ಟುಕೊಂಡು ತಾಳೆ ನೋಡೋಣ ಅಂತ. ಎಲ್ಲ ಪಂದ್ಯಕ್ಕೂ ಆಗುತ್ತಿಲ್ಲ. ಆದಷ್ಟು ನಡೆಯುತ್ತಿದೆ. ಕಳೆದ ತಿಂಗಳು ನನ್ನದು 8.3 ಇತ್ತು, ಇನ್ನೊಬ್ಬರದು 8.1. ವಿಡಿಯೋ ಹಾಕಿದಾಗ, ಕೊನೆಯ ಇಪ್ಪತ್ತು ನಿಮಿಷ ರೆಫರಿ ಸುಸ್ತಾಗಿ ಆಟದಿಂದ ತುಂಬಾ ದೂರ ಉಳಿದದ್ದು ಕಂಡಿತು. ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ನನ್ನ ಅಂಕಿ ಹೊಡೆದುಹಾಕಿ, ಪಕ್ಕದಲ್ಲಿ 8.1 ಬರೆದು ಸಹಿ ಮಾಡಿದೆ.