ಶಾರ್ಪಲ್ಸ್ ಶೈಲಿಯ ಪೇಸ್ಟಲ್ ಭಾವಚಿತ್ರ: ಬಣ್ಣ ಹಚ್ಚುವ ಹಂತ

ಈ ವಾರ ಬಣ್ಣಕ್ಕೆ ಕೈ ಹಾಕಿದೆ. ಪೇಸ್ಟಲ್ ಕಡ್ಡಿಗಳನ್ನು (ಸೀಮೆಸುಣ್ಣದಂಥ ಒಣ ಬಣ್ಣದ ಕಡ್ಡಿಗಳು) ಕುಟ್ಟಾಣಿಯಲ್ಲಿ ಪುಡಿ ಮಾಡಿ, ಬಟ್ಟೆಯಲ್ಲಿ ಸೋಸಿ, ಒಂದೊಂದು ಬಣ್ಣವನ್ನು ಒಂದೊಂದು ಗಾಜಿನ ಬಟ್ಟಲಿಗೆ ಹಾಕಿಟ್ಟೆ. ಫ್ಯಾನ್ ಬಂದ್, ಮೂಗಿಗೆ ಮಾಸ್ಕ್. ಭಾವಚಿತ್ರಕಾರ ಜೇಮ್ಸ್ ಶಾರ್ಪಲ್ಸ್ ಕೂಡ ಕಡ್ಡಿಯಿಂದ ಗೀಚುತ್ತಿರಲಿಲ್ಲ, ಪುಡಿಯನ್ನೇ ಕುಂಚದಿಂದ ಹಚ್ಚುತ್ತಿದ್ದ. ಕೆನ್ನೆಯ ಮೇಲೆ ಗೆರೆಯೇ ಕಾಣದಷ್ಟು ನಯ ಬರುವುದು ಅದರಿಂದಲೇ.

ಶಾರ್ಪಲ್ಸ್ ಇಂಗ್ಲೆಂಡಿನವ. 1790ರ ದಶಕದಲ್ಲಿ ಹೆಂಡತಿ ಎಲೆನ್ ಮತ್ತು ಮಕ್ಕಳ ಜೊತೆ ಅಮೆರಿಕಕ್ಕೆ ಹೊರಟ. ದಾರಿಯಲ್ಲಿ ಫ್ರೆಂಚರು ಹಡಗು ಹಿಡಿದು, ಇವರನ್ನೆಲ್ಲ ಫ್ರಾನ್ಸಿನ ಬಂದರು ಊರು ಬ್ರೆಸ್ಟ್‌ನಲ್ಲಿ ತಿಂಗಳುಗಟ್ಟಲೆ ಕೂಡಿಹಾಕಿದರು. ಕೊನೆಗೂ ಅಮೆರಿಕ ತಲುಪಿದ ಮೇಲೆ ನಾಲ್ಕು ಚಕ್ರದ ಗಾಡಿ, ಅದಕ್ಕೊಂದು ದೊಡ್ಡ ಕುದುರೆ. ಸಂಸಾರ, ಸಾಮಾನು ಎಲ್ಲ ಅದರೊಳಗೇ. ಊರಿಂದ ಊರಿಗೆ ಹೋಗಿ ದೊಡ್ಡ ಮನುಷ್ಯರನ್ನು ಕಂಡು, 'ನನ್ನ ಸಂಗ್ರಹಕ್ಕೆ ಸ್ವಲ್ಪ ಕುಳಿತುಕೊಳ್ಳಿ' ಎನ್ನುತ್ತಿದ್ದ. ಹಾಗೆ ಕೇಳಿದರೆ ಯಾರು ಬೇಡ ಅಂತಾರೆ? ಚಿತ್ರ ಮುಗಿದ ಮೇಲೆ ಮನೆಯವರಿಗೂ ಒಂದು ಬೇಕಾಗುತ್ತಿತ್ತು. ವ್ಯಾಪಾರ ಅಂದರೆ ಇದು!

ಪಕ್ಕನೋಟದ ಮುಖಕ್ಕೆ 15 ಡಾಲರ್, ಎದುರುನೋಟಕ್ಕೆ 20. ಸುಮಾರು ಎರಡು ಗಂಟೆಯಲ್ಲಿ ಕೆಲಸ ಮುಗಿಯುತ್ತಿತ್ತಂತೆ. ನನಗೆ ಕಿವಿಯೊಂದಕ್ಕೇ ಅಷ್ಟು ಹೊತ್ತು ಬೇಕು.

ನಾನೂ ಪಕ್ಕನೋಟವನ್ನೇ ಆರಿಸಿಕೊಂಡೆ, ತಮ್ಮನನ್ನು ಕೂರಿಸಿಕೊಂಡು. ಕಾಗದ ಬೂದು ಬಣ್ಣದ್ದು, ಅಳತೆ ಶಾರ್ಪಲ್ಸ್ ಬಳಸುತ್ತಿದ್ದದ್ದೇ, ಸುಮಾರು 9 ಇಂಚಿಗೆ 7. ಶಾರ್ಪಲ್ಸ್ ಮುಖದ ಅಂಚನ್ನು ಯಂತ್ರದ ನೆರವಿನಿಂದ ತೆಗೆಯುತ್ತಿದ್ದ ಎನ್ನುತ್ತಾರೆ. ನಾನು ಗೋಡೆಗೆ ಬಿದ್ದ ನೆರಳನ್ನು ಗುರುತಿಸಿ, ಚೌಕ ಹಾಕಿ ಚಿಕ್ಕದು ಮಾಡಿಕೊಂಡೆ. ಹಣೆ, ಮೂಗು ಚೆನ್ನಾಗಿ ಬಂದಿವೆ. ಕೂದಲಿಗೆ ಮಾತ್ರ ಕಡ್ಡಿಯ ಚೂಪು ತುದಿಯೇ ಬೇಕಾಯಿತು.

ನಿಜ ಹೇಳಬೇಕೆಂದರೆ, ಈಗ ನನಗೆ ಎಲೆನ್ ಬಗ್ಗೆಯೇ ಕುತೂಹಲ ಜಾಸ್ತಿ. 1796ರಲ್ಲಿ ಶಾರ್ಪಲ್ಸ್ ಫಿಲಡೆಲ್ಫಿಯಾದಲ್ಲಿ ಜಾರ್ಜ್ ವಾಷಿಂಗ್ಟನ್‌ರ ಚಿತ್ರ ಬರೆದ. ನಕಲು ಬೇಕೆಂದವರಿಗೆಲ್ಲ ಬರೆದುಕೊಡುವ ಕೆಲಸ ಎಲೆನ್‌ಳದು. ಬೆಲೆ ಮೂಲದಷ್ಟೇ! ಎಷ್ಟೋ ಚಿತ್ರಗಳಲ್ಲಿ ಕೈ ಗಂಡನದೋ ಹೆಂಡತಿಯದೋ ಹೇಳುವುದು ಕಷ್ಟ. ಶಾರ್ಪಲ್ಸ್ 1811ರಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡ. ಆಮೇಲೆ ಎಲೆನ್ ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಮರಳಿದಳು. 1844ರಲ್ಲಿ ಅಲ್ಲಿ ಕಲಾ ಅಕಾಡೆಮಿ ಕಟ್ಟಲು 2,000 ಪೌಂಡ್ ಕೊಟ್ಟಳು.

ಹಾಗಾಗಿ ಮುಂದಿನ ಹಂತ ಹೊಸ ಮುಖವಲ್ಲ. ತಮ್ಮನನ್ನು ಮತ್ತೆ ಕೂರಿಸದೆ, ಇದೇ ಚಿತ್ರ ನೋಡಿಕೊಂಡು ಒಂದು ನಕಲು ತೆಗೆಯಬೇಕು. ಆಮೇಲೆ ಎರಡಕ್ಕೂ ಗಾಜಿನ ಫ್ರೇಮ್.