ಪ್ಯಾಸಿವ್ ವಾಯ್ಸ್‌ಗೆ ಅಷ್ಟು ದೊಡ್ಡ ಟೇಬಲ್ ಯಾಕೆ?

ಎಸ್‌ಎಸ್‌ಎಲ್‌ಸಿ ಮಕ್ಕಳ ಇಂಗ್ಲಿಷ್ ನೋಟ್‌ಬುಕ್ ತೆಗೆದರೆ ಆ್ಯಕ್ಟಿವ್-ಪ್ಯಾಸಿವ್ (ಕರ್ತರಿ-ಕರ್ಮಣಿ ಪ್ರಯೋಗ) ಟೇಬಲ್ ಇದ್ದೇ ಇರುತ್ತದೆ. ಒಂದೊಂದು ಟೆನ್ಸಿಗೂ ಒಂದೊಂದು ಸಾಲು, ಎಲ್ಲವೂ ಬಾಯಿಪಾಠ. ಪರೀಕ್ಷೆ ಮುಗಿದ ವಾರಕ್ಕೆ ಎಲ್ಲ ಮರೆತುಹೋಗುತ್ತದೆ. ಇದು ನನಗೆ ನಿಜಕ್ಕೂ ಬೇಜಾರಿನ ವಿಷಯ, ಯಾಕೆಂದರೆ ಇಲ್ಲಿ ಕಲಿಯಬೇಕಾದದ್ದು ತುಂಬಾ ಕಡಿಮೆ.

ಕರ್ಮವನ್ನು ವಾಕ್ಯದ ಮೊದಲಿಗೆ ತನ್ನಿ. ಮೂಲ ಕ್ರಿಯಾಪದ ಯಾವ ರೂಪದಲ್ಲಿತ್ತೋ ಅದೇ ರೂಪವನ್ನು 'ಬಿ' ಕ್ರಿಯಾಪದಕ್ಕೆ (ಈಸ್, ಆರ್, ವಾಸ್ ಎಲ್ಲ ಇದರದ್ದೇ ರೂಪಗಳು) ಕೊಡಿ. ಮೂಲ ಕ್ರಿಯಾಪದ ಮಾತ್ರ ಯಾವಾಗಲೂ ಮೂರನೇ ರೂಪದಲ್ಲೇ ಇರಲಿ. 'ರೈಟ್ಸ್' ಇದ್ದದ್ದು 'ಈಸ್ ರಿಟನ್' ಆಗುತ್ತದೆ, 'ರೋಟ್' ಇದ್ದದ್ದು 'ವಾಸ್ ರಿಟನ್'. 'ಈಸ್ ರೈಟಿಂಗ್'ನಲ್ಲಿರುವ 'ಇಂಗ್' ಹೋಗಿ 'ಬಿ'ಗೆ ಸೇರುತ್ತದೆ, ಹಾಗಾಗಿ 'ಈಸ್ ಬೀಯಿಂಗ್ ರಿಟನ್'. 'ವಿಲ್', 'ಕ್ಯಾನ್', 'ಮಸ್ಟ್' ಇದ್ದರೆ ಅವು ಅಲ್ಲೇ ಇರುತ್ತವೆ, ಪಕ್ಕದಲ್ಲಿ ಒಂದು 'ಬಿ' ಬರುತ್ತದೆ ಅಷ್ಟೇ. ಈಸ್ ಹಾಕಬೇಕೋ ಆರ್ ಹಾಕಬೇಕೋ ಅನ್ನುವುದನ್ನು ಹೊಸದಾಗಿ ಮುಂದೆ ಬಂದ ಪದ ನೋಡಿ ಹೇಳಬೇಕು. 'ಶಿ ಸ್ಲೀಪ್ಸ್' ಥರದ ವಾಕ್ಯದಲ್ಲಿ ಕರ್ಮವೇ ಇಲ್ಲ, ಅದನ್ನು ಬದಲಾಯಿಸಲು ಬರುವುದಿಲ್ಲ.

ಆದರೆ ಪ್ಯಾಸಿವ್ ಅನ್ನು ಯಾವಾಗ ಬಳಸಬೇಕು ಅಂತ ಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ ಅಲ್ವಾ?

ನಾವು ದಿನಾ 'ಮುಂದೆ ರಸ್ತೆ ಅಗೆದಿದ್ದಾರೆ' ಅನ್ನುತ್ತೇವೆ. ಯಾರು ಅಗೆದರು? ಗೊತ್ತಿಲ್ಲ, ಬೇಕಾಗಿಯೂ ಇಲ್ಲ, ನಮಗೆ ಬೇಕಾದದ್ದು ರಸ್ತೆಯ ಸುದ್ದಿ. 'ಕರೆಂಟ್ ತೆಗೆದಿದ್ದಾರೆ', 'ರಿಸಲ್ಟ್ ಬಿಟ್ಟಿದ್ದಾರೆ' ಕೂಡ ಹಾಗೇ. ಕನ್ನಡದಲ್ಲಿ ಕರ್ತೃವನ್ನು ಸುಮ್ನೆ ಬಿಟ್ಟುಬಿಡಬಹುದು, ಕ್ರಿಯಾಪದವೇ ಅದನ್ನು ತೂಗಿಸಿಕೊಂಡು ಹೋಗುತ್ತದೆ. 'ರಸ್ತೆ ಅಗೆಯಲ್ಪಟ್ಟಿದೆ' ಅಂತ ಬೀದಿಯಲ್ಲಿ ಯಾರೂ ಹೇಳುವುದಿಲ್ಲ. ಇಂಗ್ಲಿಷಿಗೆ ಆ ಸೌಕರ್ಯ ಇಲ್ಲ, ಹಾಗೆ ಬಿಡಬೇಕಾದಾಗ ಅದು 'ದಿ ರೋಡ್ ಹ್ಯಾಸ್ ಬೀನ್ ಡಗ್ ಅಪ್' ಅನ್ನುತ್ತದೆ. 'ಅಗೆದಿದ್ದಾರೆ'ಯಿಂದ ಪಾಠ ಶುರು ಮಾಡಿದರೆ ಮಕ್ಕಳಿಗೆ ಪ್ಯಾಸಿವ್ ಯಾಕೆ ಬೇಕು ಅನ್ನುವುದು ಮೊದಲೇ ಗೊತ್ತಿರುತ್ತದೆ, ಆಮೇಲೆ ರೂಪ ಕಲಿಯುವುದು ಕಷ್ಟವಲ್ಲ.

ಯಾರು ಮಾಡಿದ್ದು ಅಂತ ಬೇಕೆಂದೇ ಹೇಳದಿರಲೂ ಪ್ಯಾಸಿವ್ ಬಳಕೆಗೆ ಬರುತ್ತದೆ. 1987ರಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಇರಾನಿಗೆ ಶಸ್ತ್ರಾಸ್ತ್ರ ಮಾರಿದ ಹಗರಣದ ಬಗ್ಗೆ ಮಾತಾಡುತ್ತಾ 'ಸೀರಿಯಸ್ ಮಿಸ್ಟೇಕ್ಸ್ ವರ್ ಮೇಡ್' ಅಂದರು. ಗಂಭೀರ ತಪ್ಪುಗಳಾದವು, ಸರಿ, ಮಾಡಿದವರು ಯಾರು? ವಾಕ್ಯದಲ್ಲಿ ಇಲ್ಲ. ಹತ್ತನೇ ಕ್ಲಾಸಿನವರಿಗೆ ಇದನ್ನು ಖಂಡಿತ ತೋರಿಸಬೇಕು. ಪೇಪರ್ ಓದುವಾಗ ಕರ್ತೃ ಎಲ್ಲಿ ಅಂತ ಹುಡುಕುವುದನ್ನು ಅವರು ಕಲಿಯುತ್ತಾರೆ.

ಇನ್ನೊಂದು, 'ಬೈ ಸಮ್‌ಒನ್', 'ಬೈ ಪೀಪಲ್' ಅಂತ ಕೊನೆಗೆ ಅಂಟಿಸಬೇಡಿ. 'ಸಮ್‌ಒನ್ ಸ್ಟೋಲ್ ಮೈ ಸೈಕಲ್' ಅನ್ನುವುದು 'ಮೈ ಸೈಕಲ್ ವಾಸ್ ಸ್ಟೋಲನ್' ಆದರೆ ಸಾಕು.